ಮುನ್ನೂರು ಕೋಟು, ಒಂದು ಪ್ಯಾಂಟು

ಮೊದಲೇ ಹೇಳಿಬಿಡುತ್ತೇನೆ, ಯೂನಿಫಾರ್ಮ್ ರೂಮಿಗೆ ಕಿಟಕಿ ಇರುವುದಿಲ್ಲ. ಟೆಕ್ಸಸ್‌ನ ಯಾವ ಸ್ಕೂಲಿಗಾದರೂ ಹೋಗಿ, ಯಾವ ಕಾಲೇಜಿಗಾದರೂ ಹೋಗಿ, ಬ್ಯಾಂಡ್ ಹಾಲಿನ ಹಿಂದೆ ಯಾರಿಗೂ ಬೇಡವಾದ ಒಂದು ಮೂಲೆ ಇರುತ್ತದಲ್ಲ, ಅದೇ ನಮ್ಮ ಕೋಣೆ. ಬೆವರು, ಇಸ್ತ್ರಿಯ ಆವಿ, ನುಸಿಗುಳಿಗೆ ಮೂರೂ ಸೇರಿದ ವಾಸನೆ. ಅಂಥ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದೆ, ಹೋದ ವರ್ಷ ರಿಟೈರ್ ಆದೆ. ಈಗ ಮನೆಯಲ್ಲಿ ಕೂತರೂ ಯಾರಾದರೂ ಎದುರಿಗೆ ಬಂದರೆ ಮೊದಲು ಕಣ್ಣು ಹೋಗುವುದು ಅವರ ಪ್ಯಾಂಟಿನ ಅಂಚಿಗೆ. ಏನು ಮಾಡಲಿ, ಚಾಳಿ ಬಿಡುವುದಿಲ್ಲ.

ಇದನ್ನು ಬರೆಯುತ್ತಿರುವುದು ನಮ್ಮ ಹುಡುಗಿಯರಿಗಾಗಿ. ಡಲ್ಲಾಸ್ ಹತ್ತಿರದ ಕಾಪೆಲ್‌ನಲ್ಲಿ, ಆಸ್ಟಿನ್ ಹತ್ತಿರದ ಲಿಯಾಂಡರ್‌ನಲ್ಲಿ, ಇಲ್ಲಿ ಹೂಸ್ಟನ್‌ನ ಪಶ್ಚಿಮ ಭಾಗದಲ್ಲಿ ಕನ್ನಡದವರ ಮಕ್ಕಳು ಹೈಸ್ಕೂಲ್ ಬ್ಯಾಂಡಿಗೆ ಸೇರುತ್ತಾರೆ. ಅವರ ಹಿಂದೆಯೇ ಅಮ್ಮಂದಿರು ವಾಲಂಟಿಯರ್ ಅಂತ ಹೋಗುತ್ತಾರೆ. ಹೊಲಿಗೆ ಬರುತ್ತದೆ ಅಂತ ಬಾಯಿ ತಪ್ಪಿ ಹೇಳಿದರೆ ಮುಗಿಯಿತು, ಯೂನಿಫಾರ್ಮ್ ರೂಮಿನ ಕೀಲಿಕೈ ತಂದು ಕೈಗಿಡುತ್ತಾರೆ. ಆಮೇಲೆ ನನಗೆ ಫೋನು. “ಆಂಟಿ, ಇನ್ನೂರು ಪ್ಯಾಂಟಿನ ಅಂಚು ಹೆಮ್ ಮಾಡ್ಬೇಕಂತೆ, ಶುಕ್ರವಾರದೊಳಗೆ! ಎಲ್ಲಿಂದ ಶುರು ಮಾಡ್ಲಿ?” ಇಬ್ಬರು ಮೂವರು ಇದೇ ದಾರಿಯಲ್ಲಿ ಹೋಗಿ ಕಾಲೇಜುಗಳಲ್ಲಿ ನನ್ನ ಹಾಗೆ ಪೂರ್ತಿ ಕೆಲಸಕ್ಕೇ ಸೇರಿದ್ದಾರೆ. ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ವರ್ಷವರ್ಷವೂ ಡಾಕ್ಟರುಗಳು, ಇಂಜಿನಿಯರುಗಳು ತಮ್ಮ ಅನುಭವ ಬರೆಯುತ್ತಾರೆ. ಈ ಸಲ ಗುಂಡಿ ಹೊಲಿದವಳು ಬರೆಯುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ನಾನು ದಾವಣಗೆರೆಯಲ್ಲಿ ಟೈಲರಿಂಗ್ ಕ್ಲಾಸಿಗೆ ಹೋಗಿದ್ದವಳು. ಮದುವೆಯಾಗಿ ಮೈಸೂರು, ಅಲ್ಲಿಂದ ಹೂಸ್ಟನ್. ನಮ್ಮ ಯಜಮಾನರಿಗೆ ಎಣ್ಣೆ ಕಂಪನಿಗಳಿರುವ ಎನರ್ಜಿ ಕಾರಿಡಾರಿನಲ್ಲಿ ಆಫೀಸು. ಬೆಳಿಗ್ಗೆ ಹೋದರೆ ಬರುವುದು ಸಂಜೆ. ನಾನು ಸುತ್ತಮುತ್ತಲಿನ ಹೆಂಗಸರ ಬ್ಲೌಸ್ ಹೊಲಿಯುತ್ತಾ ಕೂತಿದ್ದೆ. ಒಬ್ಬ ಗೆಳತಿ ಯೂನಿವರ್ಸಿಟಿಯಲ್ಲಿ ಬ್ಯಾಂಡಿಗೆ ಹೊಲಿಗೆಯವರು ಬೇಕಂತೆ ಅಂದಳು. ಮದುವೆ ಮನೆಯ ಬ್ಯಾಂಡ್‌ಸೆಟ್ ಇರಬೇಕು, ಹನ್ನೆರಡೋ ಹದಿನೈದೋ ಜನ ಅಂದುಕೊಂಡು ಹೋದೆ. ಹೋಗಿ ನೋಡಿದರೆ ಮುನ್ನೂರು ಮಕ್ಕಳು! ಎಲ್ಲರಿಗೂ ಕೋಟು, ಪ್ಯಾಂಟು, ಟೋಪಿ, ಟೋಪಿಗೆ ಗರಿ, ಬಿಳಿ ಗ್ಲೌಸು.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿಯ ಫುಟ್‌ಬಾಲ್ ಆಟದಲ್ಲಿ ಅರ್ಧ ಆಟ ಮುಗಿದ ಮೇಲೆ ವಿರಾಮ ಕೊಡುತ್ತಾರೆ. ಆಗ ಬ್ಯಾಂಡಿನವರು ಮೈದಾನಕ್ಕೆ ಇಳಿದು, ಊದುತ್ತಾ ಬಾರಿಸುತ್ತಾ ನಡೆಯುತ್ತಾ ಆಕಾರ ಕಟ್ಟುತ್ತಾರೆ. ಒಬ್ಬೊಬ್ಬರಿಗೂ ಮೈದಾನದಲ್ಲಿ ಇಂಥದೇ ಜಾಗ ಅಂತ ಗೊತ್ತಾಗಿರುತ್ತದೆ. ಬೇರೆ ಊರಿನಲ್ಲಿ ಆಟ ಇದ್ದರೆ ಬಸ್ಸುಗಳಲ್ಲಿ ಮಕ್ಕಳು, ಹಿಂದೆ ಲಾರಿಯಲ್ಲಿ ವಾದ್ಯ, ಯೂನಿಫಾರ್ಮು, ನಾನು. ನಾನು ಲಾರಿಯಲ್ಲೇ ಕೂರುತ್ತಿದ್ದೆ. ಬಟ್ಟೆ ಒಂದು ದಾರಿ, ನಾನೊಂದು ದಾರಿ ಅಂತ ಹೋಗುವುದು ನನಗೆ ಸರಿಬರುತ್ತಿರಲಿಲ್ಲ.

ಮೊದಲ ವರ್ಷದ ಅವಾಂತರ ಹೇಳದಿದ್ದರೆ ಮೋಸವಾಗುತ್ತದೆ. ಡೈರೆಕ್ಟರು ಹಾಲಿಸ್ ಅಂತ. ಮಿಲಿಟರಿ ಬ್ಯಾಂಡಿನಿಂದ ಬಂದವರು. ಅವರ ಷರಟಿನ ಇಸ್ತ್ರಿ ಮಡಿಕೆಯಿಂದ ತರಕಾರಿ ಹೆಚ್ಚಬಹುದಿತ್ತು. ಹೆಸರಿನ ಪಟ್ಟಿ ಕೊಟ್ಟು, “ಹೆಸರಿನ ಪ್ರಕಾರ ತೂಗುಹಾಕಿ” ಅಂದರು. ನಾನು ನಾಲ್ಕು ದಿನ ಕೂತು ಎಲ್ಲವನ್ನೂ ಹೆಸರಿನ ಪ್ರಕಾರವೇ ಜೋಡಿಸಿದೆ. ನಮಗೆ ಹೆಸರು ಅಂದರೆ ಹೆಸರು ತಾನೆ? ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ಲಿನಲ್ಲಿ ಮುಗಿದುಹೋಗುತ್ತದೆ. ಇವರಿಗೆ ಹೆಸರು ಅಂದರೆ ಮನೆತನದ ಹೆಸರು! ಮೊದಲ ಆಟದ ದಿನ ಮಕ್ಕಳು ಬಂದು ಹುಡುಕುತ್ತಾರೆ, ಯಾರ ಕೋಟೂ ಯಾರಿಗೂ ಸಿಗುತ್ತಿಲ್ಲ. ಒಂದೇ ಗೂಟದಲ್ಲಿ ಒಂಬತ್ತು ಜನ ಮೈಕೆಲ್, ಪಕ್ಕದಲ್ಲಿ ಏಳು ಜನ ಎಮಿಲಿ. ಸಂತೆಯಾಗಿ ಹೋಯಿತು. ಹಾಲಿಸ್ ಬಾಗಿಲಲ್ಲಿ ನಿಂತು ನೋಡಿ ಹೊರಟುಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅದೇ ಗಡಿಬಿಡಿಯಲ್ಲಿ ಆ ಒಂಬತ್ತೂ ಮೈಕೆಲ್‌ಗಳ ಮುಖ ನನಗೆ ಬಾಯಿಪಾಠವಾಯಿತು ಅನ್ನುವುದು ಬೇರೆ ಮಾತು. ಮಾರನೆಯ ವಾರ ಎಲ್ಲ ಬಿಚ್ಚಿ, ನಂಬರಿನ ಪ್ರಕಾರ ಜೋಡಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಹೆಸರು ನಂಬಬೇಡಿ, ನಂಬರು ನಂಬಿ.

ಎರಡನೆಯದು ಆಸ್ಟಿನ್ ಕಥೆ. ನಮ್ಮ ಚಿಕ್ಕಮ್ಮನ ಮಗಳು ಲಿಯಾಂಡರ್‌ನಲ್ಲಿದ್ದಾಳೆ, ಆಗ ಬಸುರಿ. “ಅಕ್ಕಾ, ಹೆಂಗೂ ಆಸ್ಟಿನ್‌ಗೆ ಬರ್ತೀಯಲ್ಲ, ನಿನ್ನ ಕೈಯ ಮಾವಿನಕಾಯಿ ಉಪ್ಪಿನಕಾಯಿ ತಗೊಂಡು ಬಾರೇ” ಅಂದಳು. ಬಸುರಿಯ ಬಯಕೆ, ಇಲ್ಲ ಅನ್ನಕ್ಕಾಗುತ್ತದಾ? ಒಂದು ಜಾಡಿ ತುಂಬಿ, ಬಟ್ಟೆ ಕಟ್ಟಿ, ಒಡೆಯಬಾರದು ಅಂತ ಮೆತ್ತಗಿರುವ ಜಾಗ ಹುಡುಕಿ ಇಟ್ಟೆ. ಲಾರಿಯಲ್ಲಿ ಮೆತ್ತಗಿರುವ ಜಾಗ ಅಂದರೆ ಗ್ಲೌಸಿನ ಡಬ್ಬ! ಆಸ್ಟಿನ್ ತಲುಪಿ ಮುಚ್ಚಳ ತೆಗೆದೆ. ಅಯ್ಯೋ ಶಿವನೇ, ಜಾಡಿ ಒಡೆದಿರಲಿಲ್ಲ, ಎಣ್ಣೆ ಮಾತ್ರ ಇಳಿದಿತ್ತು. ಬಿಳಿ ಗ್ಲೌಸುಗಳಲ್ಲಿ ಅರ್ಧಕ್ಕರ್ಧ ಅರಿಶಿನ ಕುಂಕುಮ ಆಗಿದ್ದವು. ತೊಳೆದು ಒಣಗಿಸಲು ಹೊತ್ತೆಲ್ಲಿ? ಕಲೆ ಇಲ್ಲದವನ್ನು ಮುಂದಿನ ಸಾಲಿಗೆ, ಕಲೆ ಆದವನ್ನು ಹಿಂದಿನ ಸಾಲಿಗೆ ಹಂಚಿದೆ. ಹಾಲಿಸ್ ಸಾಲುಗಳ ನಡುವೆ ಬಂದವರು ಹಿಂದಿನ ಸಾಲಿನಲ್ಲಿ ನಿಂತು ಮೂಗು ಮೇಲೆತ್ತಿದರು.

“ಏನಿದು ವಾಸನೆ?”

“ಇಂಗು ಸರ್.”

ಮುಖ ನೋಡಿದರು. ನಾನೂ ನೋಡಿದೆ. ಡೋಲು ಬಾರಿಸುವ ಒಬ್ಬ ಹುಡುಗ, “ಸರ್, ತುಂಬಾ ಹಸಿವಾಗ್ತಿದೆ” ಅಂದುಬಿಟ್ಟ. ಸಾಲಿಗೆ ಸಾಲೇ ನಕ್ಕಿತು. ಹಾಲಿಸ್ ಬೆನ್ನು ತಿರುಗಿಸಿದರು. ಅವರ ಹೆಗಲೂ ಅಲುಗುತ್ತಿತ್ತು ಅಂತ ನನ್ನ ಅನುಮಾನ. ಆವತ್ತಿನಿಂದ ಲಾರಿಯಲ್ಲಿ ತಿನ್ನುವ ಪದಾರ್ಥ ಇಡಬಾರದು ಅಂತ ಒಂದು ಕಾಯಿದೆ ಆಯಿತು. ಕಾಗದದ ಮೇಲೆ ಹೆಸರಿಲ್ಲ, ಆದರೆ ಯಾರಿಗಾಗಿ ಆಗಿದ್ದು ಅಂತ ಎಲ್ಲರಿಗೂ ಗೊತ್ತು.

ಇಷ್ಟು ಹೊತ್ತಿಗೆ ನಾನು ಎಲ್ಲರಿಗೂ ಆಂಟಿ ಆಗಿದ್ದೆ. ಪ್ರಿಯಾಂಕಾ ಅನ್ನುವ ನಮ್ಮ ಕಡೆಯ ಹುಡುಗಿ ಕ್ಲಾರಿನೆಟ್ ಊದುತ್ತಿದ್ದಳು, ರೂಢಿಯ ಮೇಲೆ ಆಂಟಿ ಅಂದಳು. ಒಂದೇ ತಿಂಗಳಲ್ಲಿ ಆರಡಿ ಎತ್ತರದ ಟೆಕ್ಸಸ್ ಹುಡುಗರೆಲ್ಲ “ಆಂಟಿ, ನನ್ನ ಗುಂಡಿ ಹೋಯ್ತು”, “ಆಂಟಿ, ಜಿಪ್ಪು ಸಿಕ್ಕಿಕೊಂಡಿದೆ” ಅಂತ ಬಾಗಿಲಲ್ಲಿ. ಅದು ನನ್ನ ಹೆಸರು ಅಂತಲೇ ಎಷ್ಟೋ ಜನ ತಿಳಿದಿದ್ದರು. ಪದವಿ ಪ್ರದಾನದ ದಿನ ಒಬ್ಬ ಹುಡುಗನ ತಂದೆ “ಮಿಸೆಸ್ ಆಂಟಿ” ಅಂತ ಕೈಕುಲುಕಿದರು.

ಕೆಲಸದ ರೀತಿ ಬದಲಾಗುತ್ತಾ ಬಂತು. ನಾನು ಸೇರಿದಾಗ ಕೋಟುಗಳೆಲ್ಲ ಉಣ್ಣೆಯವು. ಸೆಪ್ಟೆಂಬರ್ ಬಿಸಿಲಿನಲ್ಲಿ ಮಕ್ಕಳು ಬೇಯುತ್ತಿದ್ದರು. ಯಾರಾದರೂ ತಲೆ ಸುತ್ತಿ ಬಿದ್ದರೆ ಮೊದಲು ಗುಂಡಿ ಬಿಚ್ಚುವವಳು ನಾನು, ಆಮೇಲೆ ನರ್ಸು. ಆಮೇಲೆ ಪಾಲಿಯೆಸ್ಟರ್ ಬಂತು, ಮಷಿನ್ನಿಗೆ ಹಾಕಿ ಒಗೆಯಬಹುದು. ಟೋಪಿಯ ಗರಿ ಮೊದಲು ನಿಜವಾದ ಕೋಳಿ ಗರಿ, ಮಳೆಯಲ್ಲಿ ನೆಂದರೆ ಸತ್ತ ಹಕ್ಕಿ ಹೊತ್ತ ಹಾಗೆ ಕಾಣುತ್ತಿತ್ತು. ಅದೂ ಹೋಯಿತು. ಕೊನೆಯ ಕೆಲವು ವರ್ಷಗಳಲ್ಲಿ ಬಾರ್‌ಕೋಡು. ಒಂದೊಂದು ಕೋಟಿಗೂ ಪ್ಯಾಂಟಿಗೂ ಒಂದು ಚೀಟಿ, ಕೈಯಲ್ಲಿ ಸ್ಕ್ಯಾನರು. ಲಾರಿಗೆ ಏರಿಸುವಾಗ ಟಿಕ್ ಅಂದರೆ ಹಸಿರು, ಪಟ್ಟಿಯಲ್ಲಿಲ್ಲದ್ದಾದರೆ ಕೆಂಪು. ನಾನು ಮಾತ್ರ ಜೊತೆಗೆ ಒಂದು ಡೈರಿ ಇಟ್ಟಿದ್ದೆ, ಕನ್ನಡದಲ್ಲಿ. ಯಾರ ಸೊಂಟ ದಪ್ಪವಾಯಿತು, ಯಾರ ಕಾಲುದ್ದ ಬೆಳೆಯಿತು, ಎಲ್ಲ ಅದರಲ್ಲಿ. ಡೈರಿಯೂ ಒಳ್ಳೆಯದೇ, ಸ್ಕ್ಯಾನರೂ ಒಳ್ಳೆಯದೇ. ಎರಡರ ನಡುವೆ ನಾವು ಮರೆತರೆ ಏನಾಗುತ್ತದೆ ಅನ್ನುವುದೇ ನಾನು ಹೇಳಬೇಕೆಂದಿರುವ ದೊಡ್ಡ ಕಥೆ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ.

ರೆನೇ ಅಂತ ಒಬ್ಬಳು ಹುಡುಗಿ. ಡಲ್ಲಾಸ್‌ನವಳು. ಟ್ರಾಂಬೋನ್ ಊದುವವಳು, ಅದೇ, ಉದ್ದನೆಯ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಊದುತ್ತಾರಲ್ಲ. ಆರಡಿ ಎರಡಂಗುಲ ಎತ್ತರ, ಕಡ್ಡಿಯ ಹಾಗೆ ಸಣ್ಣ. ಮೈದಾನದಲ್ಲಿ ಇರುವಷ್ಟೇ ಜಾಗ ಇರುವುದರಿಂದ ಬ್ಯಾಂಡಿನಲ್ಲಿ ಕೆಲವರನ್ನು ಆಲ್ಟರ್ನೇಟ್ ಅಂತ ಇಟ್ಟಿರುತ್ತಾರೆ. ಎಲ್ಲರ ಹಾಗೆ ಕಲಿಯಬೇಕು, ಎಲ್ಲರ ಹಾಗೆ ಬಿಸಿಲಲ್ಲಿ ಅಭ್ಯಾಸ ಮಾಡಬೇಕು, ಆಟದ ದಿನ ಮಾತ್ರ ಯಾರಾದರೂ ತಪ್ಪಿಸಿಕೊಂಡರಷ್ಟೇ ಮೈದಾನ. ಇಲ್ಲದಿದ್ದರೆ ನೀರಿನ ಕ್ಯಾನು ಹೊರುವ ಕೆಲಸ. ರೆನೇ ನಾಲ್ಕು ವರ್ಷವೂ ಆಲ್ಟರ್ನೇಟ್. ಪ್ರತಿ ವರ್ಷ ಅವಳ ಅಳತೆ ತೆಗೆದು ಯೂನಿಫಾರ್ಮ್ ಸಿದ್ಧ ಮಾಡುತ್ತಿದ್ದೆ. ಅರುವತ್ತೊಂದನೇ ನಂಬರು. ಮೈದಾನದ ಹುಲ್ಲು ಒಮ್ಮೆಯೂ ಸೋಕದ ಪ್ಯಾಂಟು ಅದು.

ಅವಳ ತಾಯಿ ಡಲ್ಲಾಸ್‌ನಲ್ಲಿ ಸಿಟಿ ಬಸ್ ಓಡಿಸುತ್ತಿದ್ದರು. ಪ್ರತಿ ಶನಿವಾರ ಮಗಳಿಗೆ ಫೋನು ಮಾಡಿ ಕೇಳುತ್ತಿದ್ದದ್ದು ಒಂದೇ ಮಾತು, “ಇವತ್ತು ನಡೆದ್ಯಾ?” ಇಲ್ಲಮ್ಮ ಅನ್ನುವಾಗ ಹುಡುಗಿಯ ದನಿ ಹೇಗಾಗುತ್ತಿತ್ತು ಅಂತ ನಾನು ಲಾರಿಯ ಬಾಗಿಲಲ್ಲಿ ನಿಂತು ಎಷ್ಟು ಸಲ ಕೇಳಿದ್ದೇನೋ.

ಕೊನೆಯ ವರ್ಷ, ಬೇರೆ ಊರಿನ ಕೊನೆಯ ಆಟ, ಅದೂ ಡಲ್ಲಾಸ್‌ನಲ್ಲೇ. ಅದಕ್ಕೆ ಮೂರು ದಿನ ಮುಂಚೆ ಬ್ರೆಂಟ್ ಅನ್ನುವ ಟ್ರಾಂಬೋನ್ ಹುಡುಗ ಅಭ್ಯಾಸದಲ್ಲಿ ಪಾದ ಉಳುಕಿಸಿಕೊಂಡ. ಒಂದು ವಾರ ಕಾಲೂರುವ ಹಾಗಿಲ್ಲ ಅಂದರು. ಅವನ ಜಾಗಕ್ಕೆ ರೆನೇ. ಈ ಒಂದೇ ಆಟ. ಮುಂದಿನ ವಾರ ಬ್ರೆಂಟ್ ವಾಪಸು. ಹುಡುಗಿ ನನ್ನ ಕೋಣೆಗೆ ಓಡಿಬಂದು ಅಪ್ಪಿಕೊಂಡದ್ದಕ್ಕೆ ನನ್ನ ಕನ್ನಡಕ ಎಗರಿ ಬಿತ್ತು. “ಆಂಟಿ, ಅಮ್ಮ ರಜಾ ಹಾಕಿದಾರೆ. ಇಬ್ಬರು ದೊಡ್ಡಮ್ಮಂದಿರು, ಅಜ್ಜಿ, ಎಲ್ಲಾ ಬರ್ತಾರೆ!” ನಾನು ಡೈರಿ ತೆಗೆದು ಬರೆದೆ: ಇನ್ನೂರ ಹದಿನಾಲ್ಕು ಬೇಡ, ಅರುವತ್ತೊಂದು ಬೇಕು. ಇನ್ನೂರ ಹದಿನಾಲ್ಕು ಬ್ರೆಂಟ್‌ನದು. ಬರೆದು ಡೈರಿ ಮುಚ್ಚಿದೆ. ಕಂಪ್ಯೂಟರಿನ ಪಟ್ಟಿಯಲ್ಲಿ ಬದಲಾಯಿಸುವುದು ಮರೆತೆ.

ಶನಿವಾರ ಬೆಳಗಿನ ಜಾವ ಲಾರಿಗೆ ಏರಿಸುವಾಗ ಎಲ್ಲವೂ ಟಿಕ್, ಟಿಕ್, ಎಲ್ಲವೂ ಹಸಿರು. ನಾನು ಖುಷಿಯಾಗಿ ಲಾರಿ ಹತ್ತಿ ಡ್ರೈವರ್ ಪಕ್ಕ ಕೂತೆ. ಡಲ್ಲಾಸ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಳಿದು, ಊಟ ಮಾಡಿ, ಬಟ್ಟೆ ಹಾಕಿಕೊಂಡು ಸ್ಟೇಡಿಯಮ್ಮಿಗೆ ಹೋಗುವುದು ಅಂತ ಏರ್ಪಾಡು. ಹತ್ತೂಕಾಲಿಗೆ ತಲುಪಿದೆವು. ಹನ್ನೆರಡೂಕಾಲಿಗೆ ಹಾಲಿಸ್ ಇನ್‌ಸ್ಪೆಕ್ಷನ್. ಅವರದೊಂದು ಕಟ್ಟುನಿಟ್ಟು. ಇನ್‌ಸ್ಪೆಕ್ಷನ್ ಹೊತ್ತಿಗೆ ಪೂರ್ತಿ ಯೂನಿಫಾರ್ಮ್ ಇಲ್ಲದವರು ಆವತ್ತು ಮೈದಾನಕ್ಕಿಲ್ಲ. ಅವರ ಜಾಗ ಖಾಲಿ ಬಿಟ್ಟೇ ನಡೆಸುತ್ತಿದ್ದರು, ಬೇಕಾದರೆ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣಲಿ. ನಾನಿದ್ದ ಕಾಲದಲ್ಲಿ ಯಾರಿಗೂ ಅದರಿಂದ ವಿನಾಯಿತಿ ಸಿಕ್ಕಿರಲಿಲ್ಲ.

ಸಾಲಿನಲ್ಲಿ ಬಂದು ರೆನೇ ಕೈಚಾಚಿದಳು. “ಅರುವತ್ತೊಂದು ಆಂಟಿ.”

ಅರುವತ್ತರ ಪಕ್ಕ ಅರುವತ್ತೆರಡು ಇತ್ತು. ನಾನು ಮತ್ತೆ ನೋಡಿದೆ. ಮೂರನೇ ಸಲ ನೋಡುವಾಗ ಆ ತುದಿಯಲ್ಲಿ ಇನ್ನೂರ ಹದಿನಾಲ್ಕು ತೂಗುತ್ತಿರುವುದು ಕಣ್ಣಿಗೆ ಬಿತ್ತು. ಹುಡುಗ ಹೂಸ್ಟನ್‌ನಲ್ಲಿ ಕಾಲು ಚಾಚಿ ಮಲಗಿದ್ದಾನೆ, ಅವನ ಪ್ಯಾಂಟು ಡಲ್ಲಾಸ್‌ಗೆ ಬಂದು ನಿಂತಿದೆ! ಅವನು ಐದಡಿ ಐದಂಗುಲ. ಯೂನಿಫಾರ್ಮ್ ರೂಮಿನ ಕೀಲಿಕೈ ನನ್ನ ಸೊಂಟದಲ್ಲೇ ಇತ್ತು, ಹೂಸ್ಟನ್‌ನಲ್ಲಿ ಯಾರಿಗೂ ತೆಗೆಯಲಾಗದು. ತೆಗೆದರೂ ನಾಲ್ಕು ಗಂಟೆ ದಾರಿ.

ರೆನೇಗೆ ಅರ್ಥವಾಯಿತು. ಅಳಲಿಲ್ಲ, ರೇಗಲಿಲ್ಲ. ಫೋನು ತೋರಿಸಿದಳು. ಆಗಷ್ಟೇ ಅವಳ ತಾಯಿ ಕಳಿಸಿದ್ದ ಫೋಟೋ, ಅಜ್ಜಿಯನ್ನು ಕಾರಿಗೆ ಹತ್ತಿಸುತ್ತಿರುವುದು. ಆಮೇಲೆ ಮೆಲ್ಲಗೆ ಅಂದಳು, “ಪರವಾಗಿಲ್ಲ ಆಂಟಿ. ನಾನು ನೀರಿನ ಕ್ಯಾನು ಹೊತ್ತರೂ ಅಮ್ಮನಿಗೆ ಕಾಣಿಸ್ತೀನಲ್ಲ.” ಆ ಮಾತಿಗಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ಹಿತವಾಗಿರುತ್ತಿತ್ತು.

ಹಾಲಿಸ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. “ತಪ್ಪು ನನ್ನದು ಸರ್. ಪಟ್ಟಿ ಬದಲಾಯಿಸಲಿಲ್ಲ.”

“ಹಾಗಾದರೆ ಅವಳು ನಡೆಯಲ್ಲ” ಅಂದರು. ಇಂಗ್ಲಿಷಿನಲ್ಲೇ ಅಂದದ್ದು, ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ.

“ನಾಲ್ಕು ಎಕ್ಸ್‌ಟ್ರಾ ಯೂನಿಫಾರ್ಮ್ ಇದೆ ಸರ್. ದೊಡ್ಡದನ್ನ ಅವಳಿಗೆ ಹೊಂದಿಸ್ತೀನಿ. ಆದರೆ ಉದ್ದಕ್ಕೆ ಇನ್ನೂರ ಹದಿನಾಲ್ಕನ್ನ ಕತ್ತರಿಸಬೇಕು.”

“ಯೂನಿವರ್ಸಿಟಿ ಯೂನಿಫಾರ್ಮ್ ಕತ್ತರಿಸೋದಾ?”

ನನಗೂ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು. “ಸರ್, ನನ್ನ ತಪ್ಪಿಗೆ ನನ್ನನ್ನ ಬೇಕಾದ್ರೆ ಮನೆಗೆ ಕಳಿಸಿ. ಆ ಮಗು ನಾಲ್ಕು ವರ್ಷ ಕಾದಿದೆ. ಅದರ ತಲೆ ಮೇಲೆ ಹಾಕಬೇಡಿ.” ಅವರ ಎದುರು ಅಷ್ಟು ದನಿ ಎತ್ತಿದ್ದು ಅದೇ ಮೊದಲು. ಹಾಲಿಸ್ ಗಡಿಯಾರ ನೋಡಿಕೊಂಡರು.

“ಹನ್ನೆರಡೂಕಾಲು. ಹೊಲಿಗೆ ನನ್ನ ಕಣ್ಣಿಗೆ ಬಿದ್ದರೆ ಅವಳು ಕೂರ್ತಾಳೆ” ಅಂದರು.

ಒಂದೂ ಮುಕ್ಕಾಲು ಗಂಟೆ ಇತ್ತು. ಮಷಿನ್ ಇರಲಿಲ್ಲ. ಆ ಹೈಸ್ಕೂಲಿನ ಅಮ್ಮಂದಿರು ಮಕ್ಕಳಿಗೆ ಸ್ಯಾಂಡ್‌ವಿಚ್ ಹಂಚುತ್ತಿದ್ದರು. ಅವರ ನಡುವಿನಿಂದ ಒಬ್ಬಳು ಕೈ ಒರೆಸಿಕೊಳ್ಳುತ್ತಾ ಬಂದಳು. ನಾನು ಗಾಬರಿಯಲ್ಲಿ “ಅಯ್ಯೋ ದೇವರೇ, ಏನಪ್ಪಾ ಮಾಡ್ಲಿ” ಅಂತ ಒಬ್ಬಳೇ ಗೊಣಗಿದ್ದು ಕೇಳಿಸಿತ್ತಂತೆ.

“ಕನ್ನಡದವ್ರೇನ್ರಿ ಆಂಟಿ? ಏನಾತ್ರಿ?”

ಧಾರವಾಡದ ಹುಡುಗಿ, ಶೈಲಜಾ. ಕಾಪೆಲ್‌ನಲ್ಲಿ ಮನೆ, ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ಶನಿವಾರ ಆ ಸ್ಕೂಲಿನ ಯೂನಿಫಾರ್ಮ್ ರೂಮು ಅವಳ ಕೈಯಲ್ಲಿ. ಎರಡೇ ಮಾತಿನಲ್ಲಿ ಹೇಳಿದೆ.

“ಮಷಿನ್ ಐತ್ರಿ, ಬರ್ರಿ. ಆದ್ರ ಸೂಜಿ ಎರಡ ಉಳದಾವ ನೋಡ್ರಿ” ಅಂದಳು.

ಅವಳ ಕೋಣೆಗೂ ಕಿಟಕಿ ಇರಲಿಲ್ಲ. ಎಕ್ಸ್‌ಟ್ರಾ ಪ್ಯಾಂಟು ಒಬ್ಬ ಗುಂಡಗಿನ ಹುಡುಗನಿಗೆ ಅಂತ ತರಿಸಿ ಹಾಗೇ ಉಳಿದದ್ದು, ಅಗಲ ಬೇಕಾದಷ್ಟು, ಉದ್ದ ಮಾತ್ರ ರೆನೇಗೆ ಆರಂಗುಲ ಸಾಲದು. ಬದಿಗೆ ಉದ್ದಕ್ಕೂ ಬಿಳಿ ಪಟ್ಟಿ ಇರುವುದರಿಂದ ಅಲ್ಲಿ ಕೈಹಾಕುವ ಹಾಗಿಲ್ಲ. ಒಳತೊಡೆಯ ಹೊಲಿಗೆಯಿಂದ, ಹಿಂಬದಿಯಿಂದ ಅಗಲ ಹಿಡಿದೆ. ಉದ್ದಕ್ಕೆ ಬ್ರೆಂಟ್‌ನ ಪ್ಯಾಂಟಿನ ಕಾಲುಗಳು. ಅದೇ ಬಟ್ಟೆ, ಅದೇ ಪಟ್ಟಿ. ಕತ್ತರಿಸಿ ಪಕ್ಕದಲ್ಲಿಟ್ಟು ನೋಡಿದರೆ, ಅಯ್ಯೋ, ಬಣ್ಣವೇ ಬೇರೆ. ಎಕ್ಸ್‌ಟ್ರಾ ಪ್ಯಾಂಟು ಯಾರೂ ಹಾಕದ್ದು, ಕಡುಕಪ್ಪು. ಬ್ರೆಂಟ್‌ನದು ಬಿಸಿಲಲ್ಲಿ ಒಣಗಿ, ನೂರು ಸಲ ಒಗೆದು ಬೂದು ಬಣ್ಣಕ್ಕೆ ತಿರುಗಿತ್ತು. ಹಾಲಿಸ್ ಅಲ್ಲ, ಕುರುಡನಿಗೂ ಕಾಣುವಷ್ಟು.

ಶೈಲಜಾ ಆ ತುಂಡನ್ನು ತಿರುವಿ ನೋಡುತ್ತಿದ್ದಳು. “ಆಂಟಿ, ಒಳಗಿನ ಮಗ್ಗಲ ನೋಡ್ರಿ.” ಒಳಮಗ್ಗುಲು ಕಡುಕಪ್ಪು! ಬಿಸಿಲು ಕಂಡೇ ಇರಲಿಲ್ಲ ಅದು. ನನ್ನ ಟೈಲರಿಂಗ್ ಕ್ಲಾಸಿನ ಮೇಡಂ ಹಳೆಯ ಕೋಟು ಬಿಚ್ಚಿ ಒಳಗಿನದನ್ನು ಹೊರಗೆ ಮಾಡಿ ಹೊಲಿಯುವುದನ್ನು ಕಲಿಸಿದ್ದರು. ಅಷ್ಟು ವರ್ಷ ಉಪಯೋಗಕ್ಕೆ ಬಾರದ ಆ ವಿದ್ಯೆ ಕೈಯಲ್ಲೇ ಇತ್ತು, ತಲೆಗೆ ಹೊಳೆದಿರಲಿಲ್ಲ. “ಭೇಷ್ ಕಣೇ ಹುಡುಗಿ!” ಅಂದೆ.

ಅವಳು ಬಿಳಿ ಪಟ್ಟಿಯ ಹೊಲಿಗೆ ಒಂದೊಂದಾಗಿ ಬಿಚ್ಚಿದಳು, ನಾನು ಬಟ್ಟೆ ಮಗುಚಿ ಜೋಡಿಸಿ ಹೊಲಿದೆ. ಮೂರು ಪದರ ಸೇರುವಲ್ಲಿ ಮೊದಲ ಸೂಜಿ ಪಟ್ ಅಂತ ಮುರಿಯಿತು. ಇನ್ನೊಂದನ್ನು ಹಾಕಿ, ಪೆಡಲ್ ಒತ್ತುವ ಧೈರ್ಯ ಬಾರದೆ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಒಂದೊಂದೇ ಹೊಲಿಗೆ ಇಳಿಸಿದೆ. ರೆನೇ ಬಾಗಿಲಿಗೆ ಒರಗಿ ಟ್ರಾಂಬೋನ್ ತಬ್ಬಿಕೊಂಡು ನಿಂತಿದ್ದಳು. ಕೋಟಿಗೆ ಕಷ್ಟವಾಗಲಿಲ್ಲ. ಬೆನ್ನಿನಲ್ಲಿ ಎರಡು ಮಡಿಕೆ ಹಿಡಿದೆ. ತೋಳು ಗಿಡ್ಡವಾದರೂ ಮಣಿಕಟ್ಟಿಗೆ ಹಾಕುವ ಬಿಳಿ ಕೈಪಟ್ಟಿ ಮುಚ್ಚಿಕೊಂಡಿತು. ಕೊನೆಗೆ ಪ್ಯಾಂಟಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಜೋಡಣೆ ಬಟ್ಟೆಯೊಳಗೆ ಕರಗಿ ಕೂತಿತು. ಶೈಲಜಾ ಎಳೆದು ನೋಡಿದಳು. “ಕಾಣವಲ್ತ್ರಿ” ಅಂದಳು. ಹನ್ನೆರಡು ಗಂಟೆ ಹತ್ತು ನಿಮಿಷ.

ಪಾರ್ಕಿಂಗ್ ಜಾಗದಲ್ಲಿ ಸಾಲು ನಿಂತಿತ್ತು. ನೆತ್ತಿಯ ಮೇಲೆ ಬಿಸಿಲು, ಏನನ್ನೂ ಬಚ್ಚಿಡದಂಥ ಬಿಸಿಲು. ಹಾಲಿಸ್ ಒಬ್ಬೊಬ್ಬರನ್ನೇ ನೋಡುತ್ತಾ ಬಂದು ರೆನೇ ಮುಂದೆ ನಿಂತರು. ಟೋಪಿ ನೋಡಿದರು. ಕಾಲರು ನೋಡಿದರು. ಆಮೇಲೆ, ಆ ವಯಸ್ಸಿನಲ್ಲಿ, ಟಾರಿನ ಮೇಲೆ ಒಂದು ಮಂಡಿಯೂರಿ ಕೂತುಬಿಟ್ಟರು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಬೆರಳಿನಿಂದ ಪಟ್ಟಿಯ ಮೇಲಿಂದ ಕೆಳಗೆ ಸವರಿದರು. ಶೈಲಜಾ ನನ್ನ ಮೊಳಕೈ ಹಿಡಿದಿದ್ದ ಗುರುತು ಎರಡು ದಿನ ಇತ್ತು.

ತಲೆ ಎತ್ತದೆಯೇ ಕೇಳಿದರು, “ಯಾವ ಕಾಲಿಗೆ ಜೋಡಿಸಿದ್ದು?”

“ಎರಡಕ್ಕೂ ಸರ್.”

ಎದ್ದರು. ಮಂಡಿಯ ಧೂಳು ಒರೆಸಿಕೊಂಡರು. “ನೆಕ್ಸ್ಟ್” ಅಂದು ಪಕ್ಕದ ಹುಡುಗನ ಮುಂದೆ ಹೋದರು. ರೆನೇ ಅಟೆನ್ಷನ್‌ನಲ್ಲಿ ನಿಂತಿದ್ದಳು, ಅಲುಗುವ ಹಾಗಿಲ್ಲ, ಕೆನ್ನೆಯ ಮೇಲೆ ನೀರು ಮಾತ್ರ ಇಳಿಯುತ್ತಿತ್ತು. ನನಗೋ, ಅಲ್ಲೇ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ. ಲಾರಿಯ ಹಿಂದೆ ಹೋಗಿ ಸೆರಗಿಲ್ಲದ್ದಕ್ಕೆ ಟೀಶರ್ಟಿನ ತುದಿಯಲ್ಲೇ ಕಣ್ಣೊರೆಸಿಕೊಂಡೆ.

ನಾನು ಅಷ್ಟು ವರ್ಷ ಹಾಫ್‌ಟೈಮ್ ಅಂತ ನೋಡಿದ್ದೇ ಇಲ್ಲ ಅಂದರೆ ನೀವು ನಂಬಬೇಕು. ಅಂಚಿನಲ್ಲಿ ನಿಂತು ಯಾರ ಗುಂಡಿ ಬಿಚ್ಚಿತು, ಯಾರ ಅಂಚು ಇಳಿಯಿತು ಅಂತಲೇ ಕಣ್ಣು. ಆವತ್ತೂ ಮೊದಲ ಎರಡು ನಿಮಿಷ ರೆನೇಯ ಕಾಲುಗಳನ್ನೇ ಹಿಂಬಾಲಿಸಿದೆ. ಉದ್ದ ಹೆಜ್ಜೆ ಇಟ್ಟಳು, ಹೊಲಿಗೆ ತಾಳಿತು. ತಿರುಗಿದಳು, ತಾಳಿತು. ಆಮೇಲೆ ಬ್ಯಾಂಡು ನಾಲ್ಕು ಭಾಗವಾಗಿ ಒಡೆದು, ಹಿಂದಿನಿಂದ ಟ್ರಾಂಬೋನ್‌ಗಳು ಒಂದೇ ಸಾಲಾಗಿ ಮುಂದಕ್ಕೆ ನುಗ್ಗಿದವು. ಸಾಲಿನ ನಟ್ಟನಡುವೆ ಎಲ್ಲರಿಗಿಂತ ಎತ್ತರಕ್ಕೆ ನಮ್ಮ ಹುಡುಗಿ. ಹನ್ನೆರಡು ಕೊಳವೆಗಳೂ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಊದಿದಾಗ ಬೇರೆಯವರ ಊರಿನ ಜನ, ನಮ್ಮನ್ನು ಸೋಲಿಸಲು ಬಂದು ಕೂತಿದ್ದವರು, ಎದ್ದು ನಿಂತು ಕೂಗಿದರು. ನಾನು ಪ್ಯಾಂಟು ನೋಡುವುದನ್ನು ಮರೆತೆ.

ಫುಟ್‌ಬಾಲ್ ಆಟದಲ್ಲಿ ನಾವು ಸೋತೆವಂತೆ. ಯಾರೋ ಆಮೇಲೆ ಹೇಳಿದರು.

ಆಟ ಮುಗಿದ ಮೇಲೆ ಬೇಲಿಯ ಹತ್ತಿರ ರೆನೇಯ ತಾಯಿ ಬಂದರು. ಮಗಳಷ್ಟೇ ಎತ್ತರ, ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಹಿಂದೆ ಅವರ ಇಬ್ಬರು ಅಕ್ಕಂದಿರು ಅಜ್ಜಿಯ ಕೈ ಹಿಡಿದುಕೊಂಡಿದ್ದರು. ರೆನೇ ನನ್ನನ್ನೂ, ನಮ್ಮ ಜೊತೆ ಬಂದಿದ್ದ ಶೈಲಜಾಳನ್ನೂ ಎಳೆದುಕೊಂಡು ಹೋಗಿ ಮುಂದೆ ನಿಲ್ಲಿಸಿದಳು. ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು, ಪ್ಯಾಂಟು ಬಾರದ್ದು, ಕತ್ತರಿಸಿದ್ದು, ಬಟ್ಟೆ ಮಗುಚಿದ್ದು, ಡೈರೆಕ್ಟರು ಮಂಡಿಯೂರಿದ್ದು. ಹೇಳಿ, ಕಾಲು ಮುಂದೆ ಚಾಚಿ, “ಅಮ್ಮಾ, ಮೇಲಿಂದ ನಿಮಗೆ ಜೋಡಿಸಿದ್ದು ಕಾಣಿಸ್ತಾ?” ಅಂತ ಕೇಳಿದಳು.

ಆ ತಾಯಿ ಮಗಳ ಕಾಲಿನ ಕಡೆ ನೋಡಲೇ ಇಲ್ಲ. ಎರಡು ಕೈಯಲ್ಲಿ ಅವಳ ಕೆನ್ನೆ ಹಿಡಿದುಕೊಂಡು, ಇದ್ದ ಅಷ್ಟಿಷ್ಟು ದನಿಯಲ್ಲಿ ಅಂದರು:

“ಪ್ಯಾಂಟಾ? ನೀನು ಪ್ಯಾಂಟು ಹಾಕ್ಕೊಂಡಿದ್ಯಾ ಇಲ್ವಾ ಅಂತಲೂ ನನಗೆ ಗೊತ್ತಿಲ್ಲ ಕಣೇ.”